ಹೆಲ್ಮೆಟ್ ಒಳಗಿನ ಮಚ್ಚೆ

ನಮ್ಮ ಬಡಾವಣೆಯ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ,

ಎದುರು ಮನೆಯವರ ಸರ ಕಿತ್ತುಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡ ಅಪರಾಧಕ್ಕೆ ಬೆಳಿಗ್ಗೆಯಿಂದ ನಿಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದು, ಈಗಷ್ಟೇ ಮನೆಗೆ ಬಂದೆ. ಸೊಂಟ ಇನ್ನೂ ಬಂದಿಲ್ಲ.

"ಒಂದೈದು ನಿಮಿಷ ಬಂದು ಹೋಗಿ ಅಮ್ಮ" ಅಂತ ಫೋನು ಬಂದಿತ್ತು. ಹೋದರೆ, ಸಾಹೇಬ್ರು ರೌಂಡ್ಸಲ್ಲಿದ್ದಾರೆ, ಐದು ನಿಮಿಷ. ರೈಟರ್ ಕೋರ್ಟಿಗೆ ಹೋಗಿದ್ದಾರೆ, ಐದು ನಿಮಿಷ. ರೈಟರ್ ಬಂದರು, ಊಟಕ್ಕೆ ಹೋದರು, ಐದು ನಿಮಿಷ. ಸರಗಳ್ಳ ಕೆಲಸ ಮುಗಿಸಲು ಅರ್ಧ ನಿಮಿಷವೂ ತಗೊಂಡಿರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ನಿಮ್ಮ ಕಪಾಟಿನಲ್ಲೂ ಇರಬೇಕು. 179ನೇ ಕಲಂ ತೆಗೆದು ನೋಡಿ. ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಬೇಕು. ಹೆಂಗಸರನ್ನು ಠಾಣೆಗೆ ಬಾ ಅನ್ನುವಂತಿಲ್ಲ, ಅವರಿರುವಲ್ಲಿಗೇ ನೀವು ಹೋಗಬೇಕು. ಹಳೇ ಕಾನೂನಿನಲ್ಲೂ ಹೆಂಗಸರಿಗೆ ಈ ರಿಯಾಯಿತಿ ಇತ್ತು. ಇಷ್ಟವಿದ್ದರೆ ತಾನಾಗಿ ಬರಬಹುದು ಅಂತಲೂ ಬರೆದಿದೆ, ನಿಜ. ನನ್ನ ಇಷ್ಟವನ್ನು ಯಾರಪ್ಪಾ ಕೇಳಿದರು?

ಹೋಗಲಿ, ಬೆಂಚಿನ ಮಾತು ಬಿಟ್ಟೆ. ಹೇಳಿಕೆಗೆ ಬರೋಣ.

ಬೈಕಿನ ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು, ಓದಲಾಗಲಿಲ್ಲ ಅಂದೆ. ಸವಾರ ಹೆಲ್ಮೆಟ್ ಹಾಕಿದ್ದ, ಮುಖ ಕಾಣಲಿಲ್ಲ ಅಂದೆ. ರೈಟರ್ ತಲೆಯಾಡಿಸುತ್ತಾ ಬರೆದುಕೊಂಡರು. ಕೊನೆಗೆ ಓದಿಸಿ ಕೇಳಿದರೆ, 'ಕೆಎ'ಯಿಂದ ಹಿಡಿದು ಕಡೇ ಅಂಕಿಯವರೆಗೆ ಪೂರ್ತಿ ನಂಬರಿದೆ! ಸವಾರನ ಎಡಗೆನ್ನೆಯ ಮೇಲೊಂದು ಮಚ್ಚೆಯೂ ಇದೆ. ಹೆಲ್ಮೆಟ್ ಒಳಗಿನ ಮಚ್ಚೆ. ನನ್ನ ಕಣ್ಣಿನ ಪೊರೆ ತೆಗೆದ ಡಾಕ್ಟರಿಗೆ ಈ ಕಾಗದ ತೋರಿಸಿದರೆ ಆಸ್ಪತ್ರೆ ಬಾಗಿಲಿಗೆ ಕಟ್ಟು ಹಾಕಿಸಿ ತೂಗುಹಾಕುತ್ತಾರೆ.

"ಇದು ನಾನು ಹೇಳಿದ್ದಲ್ಲವಲ್ಲಪ್ಪ" ಅಂದೆ. "ಹುಡುಗ ಸಿಕ್ಕಿದ್ದಾನೆ ಅಮ್ಮ, ಅವನೇ. ಇದು ಸುಮ್ಮನೆ ಫಾರ್ಮಾಲಿಟಿ. ಒಂದು ಸಹಿ ಹಾಕಿ ಹೊರಡಿ." ಸಾಕ್ಷಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಮಾಡಿಸಿಕೊಳ್ಳಬಾರದು ಅಂತ ಅದೇ ಪುಸ್ತಕದ 181ನೇ ಕಲಂ ಹೇಳುತ್ತದೆ.

ನಾಳೆ ಕಟಕಟೆ ಹತ್ತಿ, ಮಚ್ಚೆ ನಾನು ನೋಡಿಲ್ಲ ಅನ್ನುತ್ತೇನೆ. ಆಗ ನಾನು ಪ್ರತಿಕೂಲ ಸಾಕ್ಷಿ! 'ಸಾಕ್ಷಿಗಳು ತಿರುಗಿಬಿದ್ದರು, ಆರೋಪಿ ಖುಲಾಸೆ' ಅಂತ ಪೇಪರಿನಲ್ಲಿ ಬರುತ್ತದೆ. ಮುದುಕಿ ಎಷ್ಟು ದುಡ್ಡು ತಿಂದಳೋ ಅಂತ ಬೀದಿಯವರು ಮಾತಾಡಿಕೊಳ್ಳುತ್ತಾರೆ. ತಿರುಗಿದ್ದು ನಾನಲ್ಲ ಸ್ವಾಮಿ, ನಿಮ್ಮ ರೈಟರ ಪೆನ್ನು. ಅದನ್ನು ಯಾರು ವಿಚಾರಿಸುತ್ತಾರೆ? ಆ ಹುಡುಗ ಕಳ್ಳನೇ ಅಲ್ಲದಿದ್ದರೆ? ಯಾರದೋ ಮಗನನ್ನು ನನ್ನ ಬಾಯಿಂದ ಜೈಲಿಗೆ ಕಳಿಸಲು ನಿಮಗೆ ಅಧಿಕಾರ ಕೊಟ್ಟವರಾರು? ಇದೆಲ್ಲ ಮುಗಿಸಿ, ಸಾರ್ವಜನಿಕರು ಸಾಕ್ಷಿ ಹೇಳಲು ಮುಂದೆ ಬರುವುದಿಲ್ಲ ಅಂತ ಸಭೆಯಲ್ಲಿ ಕೊರಗುತ್ತೀರಿ.

ಸಾಕ್ಷಿಯ ಹೇಳಿಕೆಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ. ಠಾಣೆಗಳಿಗೆಲ್ಲ ಕ್ಯಾಮೆರಾ ಹಾಕಿ ಅಂತ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲೇ ಹೇಳಿತು. ನಿಮ್ಮಲ್ಲೂ ಒಂದಿದೆ. ಅದು ದಿನವಿಡೀ ನನ್ನ ಬೆಂಚನ್ನೇ ನೋಡುತ್ತಿತ್ತು, ರೈಟರ ಮೇಜಿನ ಕಡೆಗೆ ಬೆನ್ನು.

ಸೋಮವಾರ ಮನೆಗೇ ಬನ್ನಿ. ರೆಕಾರ್ಡ್ ಮಾಡುವ ಫೋನು ತನ್ನಿ, ಮಚ್ಚೆಯನ್ನು ಠಾಣೆಯಲ್ಲೇ ಬಿಟ್ಟು ಬನ್ನಿ. ಐದೇ ನಿಮಿಷ. ಗೇಟಿಗೆ ಬೀಗ ಹಾಕಿರುತ್ತೇವೆ, ಸರಗಳ್ಳರ ಕಾಟ, ಬೆಲ್ ಒತ್ತಿ.

ಇತಿ,
ನಿಮ್ಮ ಸಾಕ್ಷಿ
(ಸಹಿ ಹಾಕಿಲ್ಲ)