ಹೆಗಲು ಒಪ್ಪಿದ ಚೀಲ

ಕ್ಯಾಮೆರಾ ಕೊಳ್ಳುವವನಿಗೆ ಸಲಹೆ ಕೊಡಲು ಊರೆಲ್ಲ ಜನ ಸಿಗುತ್ತಾರೆ. ಕ್ಯಾನನ್ನೋ ನಿಕಾನೋ ಸೋನಿಯೋ, ಲೆನ್ಸು ಯಾವುದು, ಮೆಗಾಪಿಕ್ಸೆಲ್ ಎಷ್ಟು ಎಂಬುದನ್ನೆಲ್ಲ ಮದುವೆಮನೆಯ ಪಂಕ್ತಿಯಲ್ಲಿ ಎಡಕ್ಕೊಬ್ಬ ಬಲಕ್ಕೊಬ್ಬ ಕೂತು, ಸಾರು ಬರುವುದರೊಳಗೆ ತೀರ್ಮಾನಿಸಿಬಿಡುತ್ತಾರೆ. ಅದನ್ನೆಲ್ಲ ಯಾವುದರಲ್ಲಿ ಹಾಕಿಕೊಂಡು ತಿರುಗಬೇಕು ಎಂದು ಕೇಳಿ ನೋಡಿ. "ಬ್ಯಾಗು ಅಂಗಡಿಯವನೇ ಫ್ರೀ ಕೊಡ್ತಾನಲ್ಲ!" ಅಲ್ಲಿಗೆ ಆ ವಿಷಯ ಮುಗಿಯಿತು. ಪಾಯಸ ಬಂತು.

ಕೊಡುತ್ತಾನೆ, ನಿಜ. ಮೆಮೊರಿ ಕಾರ್ಡಿನ ಜೊತೆಗೆ ಒಂದು ಕಪ್ಪು ನೈಲಾನ್ ಚೀಲ. ಅದರ ಮುಖದ ತುಂಬ ಕಂಪನಿಯ ಹೆಸರು, ಬೀದಿಯ ಆಚೆ ಬದಿಯಲ್ಲಿ ನಿಂತು ಓದಿದರೂ ಕಾಣುವಷ್ಟು ದಪ್ಪಕ್ಷರದಲ್ಲಿ. ಅದನ್ನು ಹೆಗಲಿಗೆ ಹಾಕಿಕೊಂಡು ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ನಡೆಯುವುದೆಂದರೆ, 'ಇದರೊಳಗೆ ಲಕ್ಷ ರೂಪಾಯಿಯ ಸಾಮಾನಿದೆ, ಕಳ್ಳರು ದಯವಿಟ್ಟು ಗಮನಿಸಬೇಕು' ಎಂದು ಡಂಗುರ ಹೊಡೆಸಿಕೊಂಡು ಹೋದ ಹಾಗೆ. ಒಂದಷ್ಟು ಮಳೆ, ಒಂದಷ್ಟು ಬಿಸಿಲು ಕಂಡಮೇಲೆ ಅದರ ಒಳಪದರ ಪುಡಿಪುಡಿಯಾಗಿ ಉದುರತೊಡಗುವುದು ಆಮೇಲಿನ ಮಾತು.

ನಾನು ಮೊದಲಿನಿಂದಲೂ ಕ್ಯಾನ್‌ವಾಸ್ ಪಕ್ಷದವನು. ಇದಕ್ಕೆ ವಿಚಾರಕ್ಕಿಂತ ವಯಸ್ಸು ಕಾರಣವಿರಬೇಕು. ನಾವು ಶಾಲೆಗೆ ಹೋದದ್ದೇ ಖಾಕಿ ಬಟ್ಟೆಯ ಪಾಟಿಚೀಲ ಹೊತ್ತು. ಅಂಚೆಯಣ್ಣನ ಹೆಗಲಲ್ಲಿ ಇದ್ದದ್ದು ಅದೇ ಬಟ್ಟೆ, ಲಾರಿಯ ಮೇಲೆ ಹೊದಿಸುತ್ತಿದ್ದ ಟಾರ್ಪಾಲು ಅದರ ದೊಡ್ಡಣ್ಣ, ಎನ್‌ಸಿಸಿ ಕ್ಯಾಂಪಿನಲ್ಲಿ ತಲೆಯ ಮೇಲಿದ್ದ ಗುಡಾರ ಅದರ ದೊಡ್ಡಪ್ಪ. ಆ ಗುಡಾರದ ಬಗ್ಗೆ ಒಂದು ಮಾತು. ಮಳೆ ಬರುವಾಗ ಒಳಗಿನಿಂದ ಬಟ್ಟೆಯನ್ನು ಮುಟ್ಟಬೇಡಿ ಎಂದು ಹವಾಲ್ದಾರರು ಗದರುತ್ತಿದ್ದರು. ಮುಟ್ಟಬೇಡಿ ಎಂದಮೇಲೆ ಮುಟ್ಟದಿರುವ ಹುಡುಗ ಎಲ್ಲಿದ್ದಾನೆ? ಬೆರಳಿಟ್ಟಲ್ಲಿ ತೊಟ್ಟಿಕ್ಕಲು ಶುರು. ನೆನೆದ ಹತ್ತಿಯ ನೂಲು ಊದಿಕೊಂಡು, ಹಾಸು ಹೊಕ್ಕಿನ ನಡುವಿನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಬಟ್ಟೆಯಲ್ಲೇ ತಡೆದು ಹೊರಗಿನಿಂದ ಇಳಿದುಹೋಗುತ್ತದೆ. ಬೆರಳು ತಾಗಿದರೆ ಅದಕ್ಕೆ ಒಳದಾರಿ ತೋರಿಸಿದಂತಾಯಿತು. ಕ್ಯಾಮೆರಾ ಚೀಲದ ಗುಟ್ಟೂ ಇಷ್ಟೇ. ಬಿಗಿಯಾಗಿ ನೇಯ್ದ ದಪ್ಪ ಬಟ್ಟೆಯಾದರೆ ತುಂತುರನ್ನು ತಡೆಯುತ್ತದೆ. ಆದರೆ ಒಳಗಿನ ಲೆನ್ಸು ಒದ್ದೆ ಬಟ್ಟೆಗೆ ನೇರವಾಗಿ ತಾಗಬಾರದು, ನಡುವೆ ಸ್ಪಂಜಿನ ಗೋಡೆ ಬೇಕು.

ಫೋಟೋಗ್ರಾಫರುಗಳು ಕ್ಯಾನ್‌ವಾಸ್ ಚೀಲಕ್ಕೆ ಬಂದ ಕಥೆ ಸ್ವಾರಸ್ಯವಾಗಿದೆ. ಹಿಂದೆ ಕ್ಯಾಮೆರಾ ಒಯ್ಯುತ್ತಿದ್ದುದು ಗಟ್ಟಿ ಪೆಟ್ಟಿಗೆಗಳಲ್ಲಿ, ಮೂಲೆ ತಾಗಿದರೆ ಪಕ್ಕೆಲುಬು ನೆನಪಾಗುವಂಥವು. ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯಲ್ಲಿ ಜಿಮ್ ಡೊಮ್ಕೆ ಎಂಬ ಫೋಟೋಗ್ರಾಫರ್ ಇದ್ದ. ದಿನವಿಡೀ ಬೀದಿ ಸುತ್ತುವ ಸುದ್ದಿಚಿತ್ರಗಾರನಿಗೆ ಪೆಟ್ಟಿಗೆ ಆಗದು, ಮೈಗೆ ಅಂಟಿಕೊಳ್ಳುವ ಮೆತ್ತನೆಯ ಚೀಲ ಬೇಕು ಎಂದು 1970ರ ದಶಕದ ನಡುವಿನಲ್ಲಿ ತಾನೇ ಒಂದನ್ನು ರೂಪಿಸಿದ. ಅದೇ ಎಫ್-2. ಬರಿಯ ಹತ್ತಿ ಕ್ಯಾನ್‌ವಾಸು, ಮುಚ್ಚಳಕ್ಕೆ ಉಕ್ಕಿನ ಕೊಂಡಿ, ಹೆಗಲ ಪಟ್ಟಿಯ ನೇಯ್ಗೆಯಲ್ಲೇ ರಬ್ಬರಿನ ಎಳೆ ಸೇರಿಸಿದ್ದರಿಂದ ಜಾರುವ ಮಾತಿಲ್ಲ. ಸ್ಪಂಜು ಕಡಿಮೆ. ಇದನ್ನು ಮೊದಲ ಸಲ ಮುಟ್ಟಿದವರು, "ಅಯ್ಯೋ, ಇದು ತರಕಾರಿ ಚೀಲ!" ಎನ್ನುವುದುಂಟು. ಅನ್ನಲಿ. ಯುದ್ಧಭೂಮಿಯಿಂದ ಕ್ರೀಡಾಂಗಣದವರೆಗೆ ಪತ್ರಿಕಾ ಫೋಟೋಗ್ರಾಫರುಗಳ ಒಂದು ತಲೆಮಾರೇ ಆ ತರಕಾರಿ ಚೀಲದಲ್ಲಿ ಜೀವನ ಮಾಡಿತು.

ಇಂಗ್ಲೆಂಡಿನ ಕಥೆ ಇನ್ನೂ ತಮಾಷೆ. ಮಾರ್ಟಿನ್ ಬಿಲಿಂಗಮ್ 1973ರಲ್ಲಿ ಚೀಲ ಹೊಲಿಯತೊಡಗಿದ್ದು ಗಾಳ ಹಾಕಿ ಮೀನು ಹಿಡಿಯುವವರಿಗಾಗಿ. ಕೆಲವು ವರ್ಷಗಳ ಮೇಲೆ, ನ್ಯೂಯಾರ್ಕಿನಲ್ಲಿ ತಮ್ಮ ಚೀಲಗಳನ್ನು ಕೊಳ್ಳುತ್ತಿರುವವರು ಮೀನುಗಾರರಲ್ಲ, ಫೋಟೋಗ್ರಾಫರುಗಳು ಎಂದು ಮನೆಯವರಿಗೆ ತಿಳಿಯಿತು. ವ್ಯಾಪಾರಿಯಾದವನು ಗಿರಾಕಿಯ ಜೊತೆ ವಾದಿಸಬಾರದು. ಅವರು ಒಳಗೆ ಮೆತ್ತನೆಯ ಖಾನೆಗಳನ್ನಿಟ್ಟು ಕ್ಯಾಮೆರಾ ಚೀಲವನ್ನೇ ಮಾಡತೊಡಗಿದರು. ಎರಡು ಪದರ ಬಟ್ಟೆಯ ನಡುವೆ ರಬ್ಬರಿನ ಹಾಳೆ, ಹಿತ್ತಾಳೆಯ ಗುಂಡಿ, ಚರ್ಮದ ಪಟ್ಟಿ. ಹೊರಗಿನ ನೀರು ಒಳಗೆ ಬರದಿರಲು ಇಷ್ಟು ಸಾಕು. ಬೆಲೆ ಕೇಳಿದರೆ ಮಾತ್ರ, ಚೀಲ ಕೊಂಡಮೇಲೆ ಒಳಗಿಡಲು ಏನೂ ಉಳಿಯುವುದಿಲ್ಲ.

ನಮ್ಮಲ್ಲಿ ಸಿಗುವ ಚೀಲಗಳಿಗೆ ಬರೋಣ. ಬಟ್ಟೆಯ ತೂಕ ಕೇಳಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಪುಸ್ತಕ ಮಳಿಗೆಗಳಲ್ಲಿ, ಸಮ್ಮೇಳನಗಳಲ್ಲಿ ಕೊಡುವ ಬಟ್ಟೆ ಚೀಲಗಳು ಸಾಮಾನ್ಯವಾಗಿ 200-300ರ ಆಸುಪಾಸಿನಲ್ಲಿರುತ್ತವೆ. ಕವನ ಸಂಕಲನ ಹೊರಲು ಅಷ್ಟು ಸಾಕು. ಕ್ಯಾಮೆರಾಕ್ಕೆ 500 ದಾಟಿದ ಬಟ್ಟೆ ಬೇಕು. ಪರದೇಶದ ಚೀಲದ ಮೇಲೆ 18 ಔನ್ಸ್ ಎಂದು ಬರೆದಿದ್ದರೆ ಅದು ಸುಮಾರು 610 ಜಿಎಸ್‌ಎಂ. ಮೇಣ ಹಚ್ಚಿದ ಕ್ಯಾನ್‌ವಾಸೂ ಸಿಗುತ್ತದೆ, ನೋಡಲು ಬಹಳ ಗಂಭೀರ. ಮಳೆಗೆ ಒಳ್ಳೆಯದು. ಆದರೆ ಏಪ್ರಿಲಿನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಅದನ್ನು ಹೊತ್ತು ತಿರುಗುವವರಿಗೆ ನನ್ನ ಸಹಾನುಭೂತಿ. ಬಿಸಿಲಿಗೆ ಮೇಣ ಮೆತ್ತಗಾಗಿ, ಜಾತ್ರೆಯ ಧೂಳನ್ನೆಲ್ಲ ಪ್ರೀತಿಯಿಂದ ಬರಸೆಳೆದುಕೊಳ್ಳುತ್ತದೆ, ಬಿಳಿ ಅಂಗಿಗೂ ಸ್ವಲ್ಪ ಹಂಚುತ್ತದೆ.

ಬಟ್ಟೆಯ ಬಗ್ಗೆ ನಾನು ಇಷ್ಟೆಲ್ಲ ಓದಿಕೊಂಡಿದ್ದರೂ ಚೀಲ ನೋಡುವುದನ್ನು ಕಲಿಸಿದವರು ನಮ್ಮ ಬಡಾವಣೆಯ ಬಸ್ ನಿಲ್ದಾಣದ ಪಕ್ಕ ಕೂರುವ ಹಿರಿಯರು. ಕೊಡೆ, ಚಪ್ಪಲಿ, ಶಾಲೆಯ ಬ್ಯಾಗು ಎಲ್ಲಕ್ಕೂ ಅವರೇ ವೈದ್ಯರು. ಒಮ್ಮೆ ಗೆಳೆಯನೊಬ್ಬನ ಹೊಸ ಚೀಲವನ್ನು ಅವರ ಮುಂದಿಟ್ಟೆ. ಅವರು ಹೊರಗನ್ನು ನೋಡಲೇ ಇಲ್ಲ. ಕೈ ಹಾಕಿ ಚೀಲವನ್ನು ಒಳಗುಹೊರಗು ಮಾಡಿದರು.

"ಮೇಲಿಂದ ಎಲ್ಲಾ ಬ್ಯಾಗೂ ಚೆನ್ನಾಗೇ ಕಾಣ್ತವೆ ಸಾರ್," ಎಂದರು. "ಬಟ್ಟೆ ಹರಿದು ಹೋಯ್ತು ಅಂತ ನನ್ ಹತ್ರ ಯಾರೂ ಬರಲ್ಲ. ಹೊಲಿಗೆ ಬಿಡ್ತು, ಪಟ್ಟಿ ಕಿತ್ಕೊಂತು, ರನ್ನರ್ ಹೋಯ್ತು. ಇಷ್ಟೇ ನಮ್ ವ್ಯಾಪಾರ."

"ಹಾಗಾದ್ರೆ ಏನು ನೋಡಬೇಕು ಯಜಮಾನ್ರೇ?"

ಬೆರಳಿಟ್ಟು ತೋರಿಸಿದರು. ಹೊಲಿಗೆಯ ಆಚೆ ಬಟ್ಟೆ ಎಷ್ಟು ಬಿಟ್ಟಿದ್ದಾನೆ? ನೂಲಿನಷ್ಟೇ ಬಿಟ್ಟಿದ್ದರೆ ಭಾರ ಬಿದ್ದ ದಿನ ಹಾಸು ಬೇರೆ, ಹೊಕ್ಕು ಬೇರೆ. ಅಂಚಿಗೆ ಪಟ್ಟಿ ಕೊಟ್ಟು ಮುಚ್ಚಿದ್ದಾನೆಯೇ? ಹೆಗಲ ಪಟ್ಟಿ ಚೀಲಕ್ಕೆ ಸೇರುವಲ್ಲಿ ಒಂದೇ ಸಾಲು ಹೊಲಿಗೆಯೋ, ಚೌಕ ಹೊಡೆದು ಅದರ ನಡುವೆ ಅಡ್ಡಡ್ಡ ಗೆರೆ ಹಾಕಿದ್ದಾನೋ? ಆ ಪಟ್ಟಿ ಚೀಲದ ಬಾಯಿಗೇ ನಿಂತಿದೆಯೋ, ಬುಡದವರೆಗೆ ಇಳಿದು ಇಡೀ ಚೀಲವನ್ನು ಎತ್ತಿಹಿಡಿದಿದೆಯೋ? ಬಾಯಿಗೇ ನಿಂತಿದ್ದರೆ ಭಾರವೆಲ್ಲ ನಾಲ್ಕಂಗುಲ ನೂಲಿನ ಮೇಲೆ. ನೂಲು ಯಾವುದು ಎಂದೂ ಕೇಳಿದರು. ಬಟ್ಟೆ ಹತ್ತಿಯದ್ದಾದರೂ ನೂಲು ನೈಲಾನಿನದ್ದೋ ಪಾಲಿಯೆಸ್ಟರಿನದ್ದೋ ಇದ್ದರೆ ಒಳ್ಳೆಯದು. ಹತ್ತಿ ನೂಲು ಪದೇ ಪದೇ ನೆನೆದು ಒಣಗಿದರೆ ಬಟ್ಟೆಗಿಂತ ಮೊದಲು ಕೊಳೆಯುತ್ತದೆ. ಗೆಳೆಯನ ಚೀಲ ಈ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆಯಿತೆಂದು ಹೇಳಲಾರೆ. ಅವನು ಈಗಲೂ ಗೆಳೆಯ.

ಜಿಪ್ಪಿನ ವಿಷಯದಲ್ಲಿ ಅವರದು ಖಚಿತ ಅಭಿಪ್ರಾಯ. ಹಲ್ಲು ಮುರಿಯುವುದು ಅಪರೂಪ, ಸವೆಯುವುದು ರನ್ನರು. ಸವೆದ ರನ್ನರನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿದರೆ ಇನ್ನಷ್ಟು ದಿನ ಓಡುತ್ತದೆ. ಜಿಪ್ಪಿಗೆ ನಂಬರಿದೆ: 5, 8, 10 ಎಂದು. ಮುಚ್ಚಿದಾಗ ಹಲ್ಲಿನ ಸಾಲು ಸುಮಾರು ಎಷ್ಟು ಮಿಲಿಮೀಟರ್ ಅಗಲ ಎಂಬುದರ ಮೇಲೆ ಆ ನಂಬರು. ಮುಖ್ಯ ಬಾಯಿಗೆ 5ಕ್ಕಿಂತ ಸಣ್ಣದನ್ನು ಹಾಕಿದವನು ಚೀಲ ಮಾಡಿಲ್ಲ, ಪರ್ಸು ಮಾಡಿದ್ದಾನೆ. 1934ರಲ್ಲಿ ಜಪಾನಿನಲ್ಲಿ ಹುಟ್ಟಿದ ವೈಕೆಕೆ ಕಂಪನಿಯ ಅಕ್ಷರಗಳು ರನ್ನರಿನ ಮೇಲಿದ್ದರೆ ಒಳ್ಳೆಯದೇ. ಆದರೆ ಮೂರು ಅಕ್ಷರ ಕೊರೆಯುವುದು ಯಾರಿಗೂ ಕಷ್ಟವಲ್ಲ, ಎಳೆದು ನೋಡಿಯೇ ನಂಬಬೇಕು. ನನ್ನನ್ನು ಕೇಳಿದರೆ ಮುಚ್ಚಳ ಮತ್ತು ಉಕ್ಕಿನ ಕೊಂಡಿಯ ಚೀಲವೇ ಸರಿ. ಒಂದೇ ಕೈಯಲ್ಲಿ ತೆರೆಯಬಹುದು. ಪ್ಲಾಸ್ಟಿಕ್ ಬಕಲ್ ಮುರಿದರೆ ನಮ್ಮ ಯಜಮಾನರೂ ಕೈಚೆಲ್ಲುತ್ತಾರೆ, ಕೊಂಡಿಯಾದರೆ ಹಾರ್ಡ್‌ವೇರ್ ಅಂಗಡಿಯಿಂದ ಇನ್ನೊಂದು ತಂದು ದಬ್ಬಳದಲ್ಲಿ ಕೂರಿಸುತ್ತಾರೆ.

ವೆಲ್ಕ್ರೋ ಮಾತ್ರ ಬೇಡವೇ ಬೇಡ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಚೇರಿ ನಡೆಯುತ್ತಿರುತ್ತದೆ. ವಿದ್ವಾಂಸರು ತೋಡಿಯನ್ನು ಎತ್ತಿಕೊಂಡು, ಮಂದ್ರದಲ್ಲಿ ಇನ್ನೇನು ಒಂದು ಸ್ವರದ ಮೇಲೆ ನಿಲ್ಲಬೇಕು, ಚರ್‍ರ್ ಎಂದು ಸದ್ದು. ಮುಂದಿನ ಸಾಲಿನ ಮಾಮಿಯರು ಒಟ್ಟಿಗೆ ತಿರುಗುತ್ತಾರೆ. ಫೋಟೋಗ್ರಾಫರ್ ಲೆನ್ಸು ಬದಲಾಯಿಸುತ್ತಿದ್ದಾನೆ. ತೆಗೆದದ್ದನ್ನು ಮುಚ್ಚಬೇಕಲ್ಲ, ಆದ್ದರಿಂದ ಇನ್ನೊಂದು ಚರ್‍ರ್ ಬಾಕಿಯಿದೆ ಎಂದು ಗೊತ್ತಿದ್ದು ಅವರೆಲ್ಲ ಅದಕ್ಕಾಗಿ ಕಾಯುತ್ತಾರೆ.

ಎಷ್ಟು ದೊಡ್ಡದು ಬೇಕು ಎಂಬುದು ಕೊನೆಯ ಕಗ್ಗಂಟು. ಚೀಲದಲ್ಲಿ ಜಾಗವಿದ್ದರೆ ಮನುಷ್ಯ ತುಂಬುತ್ತಾನೆ, ಇದರಲ್ಲಿ ಸಂತ ಸಂಸಾರಿಗಳ ಭೇದವಿಲ್ಲ. ಕ್ಯಾನನ್ 5ಡಿ ಮಾರ್ಕ್ 4 ಕ್ಯಾಮೆರಾ ಬ್ಯಾಟರಿ ಸಮೇತ 890 ಗ್ರಾಂ. 24-70ರ ಎಫ್ 2.8 ಲೆನ್ಸಿನ ಎರಡನೆಯ ಆವೃತ್ತಿ 805 ಗ್ರಾಂ. 70-200ರ ಎಫ್ 2.8 ಲೆನ್ಸಿನ ಮೂರನೆಯ ಆವೃತ್ತಿ 1480. ಅಲ್ಲಿಗೇ ಮೂರು ಕಿಲೋ ದಾಟಿತು. ಮೇಲೆ ಒಂದು ಲೀಟರ್ ನೀರು, ಫ್ಲ್ಯಾಶು, ಚಾರ್ಜರು, ಹೊರಡುವ ಹೊತ್ತಿಗೆ ಮನೆಯವರು ತುರುಕಿದ ಚಪಾತಿ ಡಬ್ಬಿ, 'ದಾರಿಯಲ್ಲೇ ಸಿಗತ್ತಲ್ಲ, ಚಿಕ್ಕಮ್ಮನಿಗೆ ಕೊಟ್ಟುಬಿಡು' ಎಂಬ ಉಪ್ಪಿನಕಾಯಿ ಶೀಷೆ. ಸಂಜೆಯ ಹೊತ್ತಿಗೆ ಒಂದು ಹೆಗಲು ಇನ್ನೊಂದಕ್ಕಿಂತ ಎರಡಂಗುಲ ಕೆಳಗೆ. ಇಷ್ಟು ಹೊರಲೇಬೇಕಾದ ಮದುವೆ ಫೋಟೋಗ್ರಾಫರುಗಳಿಗೆ ಬೆನ್ನಿನ ಚೀಲವೇ ಗತಿ, ಅದರಲ್ಲಿ ಎರಡು ಮಾತಿಲ್ಲ. ಹೆಗಲ ಚೀಲ ಇರುವುದು ಒಂದು ಕ್ಯಾಮೆರಾ, ಎರಡು ಲೆನ್ಸಿನ ಬಡವರಿಗೆ, ಅಥವಾ ಅಷ್ಟೇ ಸಾಕೆನ್ನುವ ಜಾಣರಿಗೆ. ಪಟ್ಟಿ ಎರಡಂಗುಲ ಅಗಲವಿರಲಿ, ಸೀರೆಯ ಸೆರಗಿನಂತೆ ಓರೆಯಾಗಿ ಹಾಕಿಕೊಳ್ಳುವಷ್ಟು ಉದ್ದವಿರಲಿ.

ಮಾಸಲು ಬಣ್ಣದ ಬಟ್ಟೆ ಚೀಲದಿಂದ ಒಂದು ಪೇಚಾಟವುಂಟು, ಅದನ್ನೂ ಹೇಳಬೇಕು. ಅದು ಕ್ಯಾಮೆರಾ ಚೀಲದ ಹಾಗೆ ಕಾಣುವುದಿಲ್ಲ. ಅದಕ್ಕೇ ಅಲ್ಲವೇ ಕೊಂಡದ್ದು? ಸರಿ, ಆದರೆ ಮತ್ತೇನೋ ಆಗಿ ಕಾಣುತ್ತದೆ. ಊರ ಹೊರಗಿನ ತೋಟದ ಬೇಲಿಯ ಬಳಿ ಮಿಂಚುಳ್ಳಿಗಾಗಿ ಕಾದು ನಿಂತರೆ ಯಜಮಾನರೊಬ್ಬರು ಬಂದು, "ಬೆಳೆ ಸರ್ವೆಗೆ ಬಂದ್ರಾ? ಹೋದ ವರ್ಷದ ಪರಿಹಾರವೇ ಬಂದಿಲ್ಲ," ಎಂದು ಪಹಣಿಯ ಕಥೆ ಶುರುಮಾಡುತ್ತಾರೆ. ಪಟ್ಟಣದಲ್ಲಿ ಬಾಗಿಲು ತೆರೆದವರು ಒಮ್ಮೆ ಚೀಲ ನೋಡಿ, "ಮೀಟರ್ ಹಿಂದ್ಗಡೆ ಇದೆ," ಎನ್ನುತ್ತಾರೆ. ಎಲ್‌ಐಸಿಯವರೆಂದುಕೊಂಡು ಯಜಮಾನರು ಮನೆಯಲ್ಲಿಲ್ಲ ಎಂದ ಯಜಮಾನರೂ ಇದ್ದಾರೆ. ಚಿತ್ರ ತೆಗೆಯುವವನಿಗೆ ಇದಕ್ಕಿಂತ ಒಳ್ಳೆಯ ವೇಷ ಬೇಕೆ? ಯಾರೂ ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುವುದಿಲ್ಲ.

ಕರಾವಳಿಯ ಕಂಬಳದಲ್ಲಿ ಈ ಬಟ್ಟೆಯ ಯೋಗ್ಯತೆ ತಿಳಿಯುತ್ತದೆ. ಕೋಣಗಳು ಗದ್ದೆಯ ಈ ತುದಿಗೆ ನುಗ್ಗಿ ಬಂದಾಗ ಕೆಸರುನೀರು ಆಳೆತ್ತರ ಹಾರಿ, ಫೋಟೋಗ್ರಾಫರುಗಳ ಸಾಲಿಗೆ ಸಮನಾಗಿ ಪ್ರಸಾದ ಸಿಗುತ್ತದೆ. ನೈಲಾನಿನವರು ಒರೆಸುತ್ತ ಕೂರುತ್ತಾರೆ. ಕ್ಯಾನ್‌ವಾಸಿನವರು ಸುಮ್ಮನಿರುತ್ತಾರೆ. ಮನೆಗೆ ಬಂದು ಒಣಗಲು ಬಿಟ್ಟು, ಮರುದಿನ ಬ್ರಷ್ಷಿನಲ್ಲಿ ಉಜ್ಜಿದರೆ ಕೆಸರು ಪುಡಿಯಾಗಿ ಉದುರುತ್ತದೆ. ಅವಸರಪಟ್ಟು ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಚೀಲ ಕುಗ್ಗುತ್ತದೆ, ಒಳಗಿನ ಸ್ಪಂಜು ಕುಗ್ಗುವುದಿಲ್ಲ. ಆಮೇಲೆ ಅವೆರಡಕ್ಕೂ ರಾಜಿ ಮಾಡಿಸಲು ಆಗುವುದಿಲ್ಲ.

ಇಷ್ಟು ಹೊಗಳಿದಮೇಲೆ ಅದರ ದೊಡ್ಡ ದೋಷವನ್ನೂ ಮುಚ್ಚಿಡಬಾರದು. ಹತ್ತಿ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಇದು ಲೆಕ್ಕಕ್ಕೆ ಬಾರದ ಸಂಗತಿ. ಆದರೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ, ಅಥವಾ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಮೂಡಿಗೆರೆಯಂಥ ಊರಿನಲ್ಲಿ, ಆಷಾಢದಲ್ಲಿ ಮುಚ್ಚಿಟ್ಟ ಬಟ್ಟೆ ಚೀಲ ಬೂಷ್ಟಿಗೆ ಕಟ್ಟಿಸಿಕೊಟ್ಟ ಮನೆ. ಚೀಲಕ್ಕೆ ಹಿಡಿದ ಬೂಷ್ಟನ್ನು ಬಿಸಿಲಿಗೆ ಹಾಕಿ ಉಜ್ಜಬಹುದು. ಲೆನ್ಸಿನ ಗಾಜಿಗೆ ಹಿಡಿದರೆ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ, ಅದು ಹೋದರೆ ಹೋಯಿತು.

ಆದ್ದರಿಂದ ಮಲೆನಾಡಿನವರಲ್ಲಿ, ಕರಾವಳಿಯವರಲ್ಲಿ ಒಂದು ವಿನಂತಿ. ಚೀಲ ಎಷ್ಟೇ ಒಳ್ಳೆಯದಿರಲಿ, ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರೊಳಗೆ ಮಲಗಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ತೇವಾಂಶ ಶೇಕಡಾ 40ರಿಂದ 50ರೊಳಗಿದ್ದರೆ ಸಾಕು. ಖಾಲಿ ಚೀಲವನ್ನು ಬಾಯಿ ತೆರೆದು, ಬಚ್ಚಲ ಒಲೆಯ ಹತ್ತಿರದ ಗೂಟಕ್ಕೆ ನೇತುಹಾಕಿ. ಮತ್ತು ಅದು ಖಾಲಿ ನೇತಾಡುತ್ತಿದೆಯಲ್ಲ ಎಂದು ಮನೆಯಲ್ಲಿ ಯಾರೂ ಅದನ್ನು ಸಂತೆಗೆ ಒಯ್ಯದಂತೆ ನೋಡಿಕೊಳ್ಳಿ.