ಯೆಶಾಯನಿಗೆ ತಿಕೋಟಾದಿಂದ ಒಂದು ತಕರಾರು ಅರ್ಜಿ

ಪೂಜ್ಯ ಪ್ರವಾದಿ ಯೆಶಾಯನವರೇ,



ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ನೀವು ಜೆರುಸಲೇಮಿನಲ್ಲಿ ಹೂಡಿದ ದ್ರಾಕ್ಷಿತೋಟದ ದಾವೆಯನ್ನು ಓದಿದೆವು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ನಮ್ಮ ಹೊಟ್ಟೆಪಾಡೂ ದ್ರಾಕ್ಷಿಯದೇ. ನಿಮ್ಮ ಫಿರ್ಯಾದಿ ಸಾಕ್ಷಾತ್ ದೇವರು. ನೆಲ ಅಗೆದ, ಕಲ್ಲು ಆರಿಸಿದ, ಒಳ್ಳೆಯ ಬಳ್ಳಿ ನೆಟ್ಟ, ಕಾವಲಿಗೆ ಗೋಪುರ ಕಟ್ಟಿದ. ಬಳ್ಳಿ ಕೊಟ್ಟಿದ್ದು ಕಾಡುಹಣ್ಣು. ನನಗೂ ತೋಟಕ್ಕೂ ನೀವೇ ನ್ಯಾಯ ಹೇಳಿ ಎಂದು ಜನರನ್ನು ಕೇಳಿದ; ಅವರು ಬಾಯಿ ಬಿಡುವ ಮುಂಚೆ ತಾನೇ ತೀರ್ಪನ್ನೂ ಕೊಟ್ಟ. ತೋಟವೆಂದರೆ ಒಡಂಬಡಿಕೆ ಮುರಿದ ನಿಮ್ಮ ಜನ; ಅವರ ಬೇಲಿ ಕೀಳುವುದು, ಮಳೆ ಸುರಿಸದಂತೆ ಮೋಡಗಳಿಗೆ ಅಪ್ಪಣೆ. ಆ ಪಂಚಾಯ್ತಿಗೆ ನಾವು ತಡವಾಗಿ ಬಂದ ಪಂಚರು ಎಂದು ತಿಳಿಯಿರಿ.

ಮಳೆಯಿಲ್ಲದ ಶಿಕ್ಷೆ ಎಂದಾಗ ನಗು ಬಂತು, ಕ್ಷಮಿಸಿ. ವಿಜಯಪುರದಲ್ಲಿ ಅದಕ್ಕೆ ಪಾಪ ಮಾಡಬೇಕಿಲ್ಲ, ಹುಟ್ಟಿದರೆ ಸಾಕು. ನಮ್ಮ ಮಳೆ ಬಂದೂ ದಂಡಿಸುತ್ತದೆ. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟಣಿ ಮುಗಿದು ಹೂ ಕಟ್ಟುವ ಹೊತ್ತಿಗೆ ಸುರಿದರೆ ದಾವಣಿ ರೋಗ. ಬೇಸಿಗೆಯಲ್ಲಿ ಶೆಡ್ಡಿನ ಬಲೆಯ ಮೇಲೆ ದ್ರಾಕ್ಷಿ ಒಣಗಿ ಮಣೂಕವಾಗುವಾಗ ಸುರಿದರೆ ಬಣ್ಣವೂ ಹೋಯಿತು, ದರವೂ ಹೋಯಿತು.

ತಕರಾರು ಇಷ್ಟೇ: ಇಲ್ಲಿ ಬಳ್ಳಿ ಮಾತು ತಪ್ಪಿಲ್ಲ. ಮಡ್ಡಿ ನೆಲದಲ್ಲಿ, ಬರಗಾಲದಲ್ಲಿ ಟ್ಯಾಂಕರ್ ನೀರು ಕುಡಿದೂ ಥಾಮ್ಸನ್ ಸೀಡ್‌ಲೆಸ್ ಸಿಹಿಯನ್ನೇ ಕೊಟ್ಟಿದೆ. ಮಾತು ತಪ್ಪಿದವರು ದಫ್ತರ ಹಿಡಿದವರು. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಾಧಿಕರಣ ಹೇಳಿದ್ದು 2010ರ ಡಿಸೆಂಬರ್ 30ರಂದು. ಮರುವರ್ಷ ಸುಪ್ರೀಂ ಕೋರ್ಟಿನ ತಡೆ ಬಂತು. ರಾಜ್ಯ ರಾಜ್ಯಗಳ ವ್ಯಾಜ್ಯದಲ್ಲಿ ಆ ತೀರ್ಪು ಗೆಜೆಟ್ಟಿನ ಮುಖ ಕಂಡಿಲ್ಲ. ನಿಮ್ಮ ದೇವರಿಗೆ ಗೆಜೆಟ್ಟಿನ ಹಂಗಿರಲಿಲ್ಲ, ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೈನ್ಯ ಬಂದು ಜಾರಿ ಮಾಡಿಹೋಯಿತು. ನಮ್ಮಲ್ಲಿ ತೀರ್ಪು ನಿಂತಲ್ಲೇ ನಿಲ್ಲುತ್ತದೆ, ಶಿಕ್ಷೆ ಮಾತ್ರ ಜಾರಿಯಾಗುತ್ತದೆ.

ಸುಳ್ಳು ಹೇಳಬಾರದು, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ನಮ್ಮ ಕಡೆಗೂ ಹತ್ತಿ ಬಂದಿದ್ದಾಳೆ. ಆದರೆ ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಡಬೇಕಾದವರು ಇನ್ನೂ ಪರಿಹಾರದ ಕಡತದ ಹಿಂದೆಯೇ ಅಲೆಯುತ್ತಿದ್ದಾರೆ. ಬಲಿ, ಹಬ್ಬ ಸಾಕು, ಅನಾಥನಿಗೂ ವಿಧವೆಗೂ ನ್ಯಾಯ ಕೊಡಿ ಎಂದವರು ನೀವು. ನಾವು ಹಬ್ಬವನ್ನು ಬಿಟ್ಟಿಲ್ಲ: ಜಲಾಶಯ ತುಂಬಿದಾಗಲೆಲ್ಲ ಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ಹೊಲಕ್ಕೆ ಹೊಲ ಸೇರಿಸಿಕೊಳ್ಳುವವರನ್ನು ನೀವು ದ್ರಾಕ್ಷಿತೋಟದ ಅಧ್ಯಾಯದಲ್ಲೇ ಶಪಿಸಿದ್ದೀರಿ. ವಿಜಯಪುರದ ಸುತ್ತ ಅದಕ್ಕೆ ಲೇಔಟ್ ಎನ್ನುತ್ತಾರೆ, ಪೂಜೆ ಮಾಡಿಯೇ ಶುರು ಮಾಡುತ್ತಾರೆ.

ಆದ್ದರಿಂದ ಪಂಚರ ನಿರ್ಣಯ: ಬಳ್ಳಿ ನಿರ್ದೋಷಿ. ಮುಂದಿನ ಶಿಕ್ಷೆಯನ್ನು ತೋಟದ ವಿಳಾಸಕ್ಕೆ ಕಳಿಸಬೇಡಿ. ಬೆಂಗಳೂರು, ಮುಂಬೈ, ಹೈದರಾಬಾದು, ದೆಹಲಿಗೆ ಒಂದೊಂದು ಪ್ರತಿ ಕಳಿಸಿ, ಸ್ವೀಕೃತಿ ಪತ್ರ ಪಡೆಯಿರಿ.

ಇಂತಿ,
ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರ