ಏಳಬೇಡಮ್ಮಾ ಎನ್ನುವ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

‘ಅಮ್ಮನ ಆರೋಗ್ಯ’ ಎಂಬ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಅಮ್ಮನಿಗೆ ಜಾಗವಿಲ್ಲವಾದ್ದರಿಂದ ಈ ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಬೇರೆ ಮನೆಗಳ ಮಕ್ಕಳು ಓದಿದರೂ ನನ್ನದೇನೂ ಅಡ್ಡಿಯಿಲ್ಲ. ಅವರೂ ನಿಮ್ಮಷ್ಟೇ ಒಳ್ಳೆಯವರು.

ಮೊದಲು ನಿಮಗೆ ಕೃತಜ್ಞತೆ. ಎರಡು ವರ್ಷದ ಹಿಂದೆ, ಗೌರಿ ಹಬ್ಬದ ಮಾರನೆಯ ರಾತ್ರಿ ನಾನು ಬಚ್ಚಲಲ್ಲಿ ಜಾರಿಬಿದ್ದೆನಲ್ಲ, ಮೊಣಕೈ ತರಚಿತೇ ಹೊರತು ಮೂಳೆ ಮುರಿಯಲಿಲ್ಲ. ಆದರೂ ಬೆಳಗಾಗುವುದರೊಳಗೆ ನೀವು ಮೂವರೂ ಫೋನಿನಲ್ಲೇ ಪಂಚಾಯಿತಿ ನಡೆಸಿ ತೀರ್ಪು ಕೊಟ್ಟಿರಿ: ಅಮ್ಮ ಇನ್ನು ಏಳಬಾರದು. ಮಹಡಿಯ ಗಿಡಗಳಿಗೆ ನೀರು ಹಾಕುವುದು ನಿಂತಿತು. ನೆಲದ ಮೇಲೆ ಕೂತು ಸೊಪ್ಪು ಬಿಡಿಸುವುದು ನಿಂತಿತು. ದೇವರ ಮನೆಯ ಮುಂದೆ ಕುರ್ಚಿ ಬಂತು. ನೀರಿನ ಚೊಂಬು, ರಿಮೋಟು, ಮಾತ್ರೆ ಡಬ್ಬಿ ಎಲ್ಲವೂ ಕೈಗೆಟಕುವಂತೆ ಸುತ್ತ ಬಂದು ಕೂತವು. ಬೀದಿಯೆಲ್ಲ ಸುತ್ತುವ ಉತ್ಸವಮೂರ್ತಿಯಾಗಿದ್ದವಳು ಹೀಗೆ ಒಂದೇ ದಿನದಲ್ಲಿ ಗರ್ಭಗುಡಿಯ ಮೂಲವಿಗ್ರಹವಾದೆ. ನೈವೇದ್ಯವೂ ಅದಕ್ಕೆ ತಕ್ಕ ಹಾಗೆ. ಹುರುಳಿಕಾಳು ವಾಯು, ಹೆಸರುಕಾಳು ಜೀರ್ಣವಾಗಲ್ಲ, ರಾತ್ರಿಗೆ ಹಗುರಾಗಿ ಎರಡು ಬ್ರೆಡ್ಡು ಸಾಕು.

ನಾನು ಬಿದ್ದದ್ದಕ್ಕೆ ನೀವು ಬರೆದುಕೊಂಡ ಕಾರಣ ‘ವಯಸ್ಸು’. ಸರಿಯೇ, 74 ಆಗಿದೆ. ಆದರೆ ಆ ರಾತ್ರಿಯ ಲೆಕ್ಕವನ್ನು ಪೂರ್ತಿ ಕೇಳಿ. ಮಲಗುವ ಮುಂಚೆ ಒಂದು ನಿದ್ದೆ ಮಾತ್ರೆ. ಅದರ ಜೊತೆಗೇ, ಮೈಯ ನೀರು ಇಳಿಸುವ ಬಿ.ಪಿ. ಮಾತ್ರೆ. ಒಂದು ಏಳಬೇಡ ಅನ್ನುತ್ತದೆ, ಇನ್ನೊಂದು ಏಳು ಅನ್ನುತ್ತದೆ. ಎರಡು ಗಂಟೆಗೆ ಎರಡನೆಯದೇ ಗೆದ್ದಿತು. ದಿಢೀರನೆ ಎದ್ದೆ, ಕಣ್ಣು ಕತ್ತಲೆ ಬಂತು. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಂಕ ಇಳಿದರೆ ಅದು ಗಮನಿಸಬೇಕಾದ ವಿಷಯವಂತೆ. ನನ್ನನ್ನು ನಿಲ್ಲಿಸಿ ಅಳೆದವರು ಆವರೆಗೆ ಯಾರೂ ಇರಲಿಲ್ಲ. ದೀಪದ ಸ್ವಿಚ್ಚು ಬಚ್ಚಲ ಬಾಗಿಲ ಹಿಂದೆ. ಒಳಗೆ ನೀವು ಆಸೆಪಟ್ಟು ಹಾಕಿಸಿದ, ಮುಖ ಕಾಣುವಂಥ ಟೈಲ್ಸು. ಅದರಲ್ಲಿ ನನ್ನ ಮುಖ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಕಳೆದ ತಿಂಗಳು ಹೊಸ ವೈದ್ಯರು ಆ ನೀರಿನ ಮಾತ್ರೆಯನ್ನು ಬೆಳಗ್ಗೆಗೆ ಬದಲಾಯಿಸಿದರು, ನಿದ್ದೆ ಮಾತ್ರೆಯನ್ನು ಮೆಲ್ಲಗೆ ಬಿಡಿಸುತ್ತಿದ್ದಾರೆ. ಆಮೇಲೆ, ಕೈಕಟ್ಟಿಕೊಂಡು ಕುರ್ಚಿಯಿಂದ ಏಳಿ ಅಂದರು. ಎರಡು ಸಲ ಮುಂದಕ್ಕೆ ತೂಗಿ ಮತ್ತೆ ಅಲ್ಲೇ ಕೂತೆ, ಮೂರನೆಯ ಸಲ ಎದ್ದೆ. ಮತ್ತೆ ಕೂರಿಸಿ, ಎದ್ದು ಮೂರು ಮೀಟರು ನಡೆದು, ತಿರುಗಿ ಬಂದು ಕೂರಿ ಅಂದರು. ಮಗಳೇ, ನೀನು ಮೊಬೈಲಿನಲ್ಲಿ ಸಮಯ ಹಿಡಿದೆ. 19 ಸೆಕೆಂಡು. 12 ದಾಟಿದರೆ ಬೀಳುವ ಸಂಭವ ಹೆಚ್ಚು ಎಂದು ಅವರು ಹೇಳುತ್ತಿದ್ದ ಹಾಗೇ ನೀನು ಆ 19ನ್ನು ಅಳಿಸಿದ್ದು ನನಗೆ ಕಂಡಿತು.

ನಮ್ಮಜ್ಜಿ ನಿತ್ರಾಣ ಅನ್ನುತ್ತಿದ್ದದ್ದಕ್ಕೆ ವೈದ್ಯರ ಬಾಯಲ್ಲಿ ಫ್ರೇಲ್ಟಿ ಅಂತ ಹೆಸರು. 2001ರಲ್ಲಿ ಅಮೆರಿಕದ ಲಿಂಡಾ ಫ್ರೈಡ್ ಮತ್ತು ಅವರ ಸಂಗಡಿಗರು ಇದಕ್ಕೆ ಐದು ಲಕ್ಷಣ ಗೊತ್ತುಮಾಡಿದರು: ತೂಕ ತಾನಾಗಿ ಇಳಿಯುವುದು, ಕೈಹಿಡಿತ ಸಡಿಲವಾಗುವುದು, ಸುಸ್ತು, ನಿಧಾನದ ನಡಿಗೆ, ಓಡಾಟ ಕಮ್ಮಿಯಾಗುವುದು. ಮೂರಿದ್ದರೆ ಪಾಸು. ನನಗೆ ನಾಲ್ಕು ಬಂದಿವೆ. ಅದರಲ್ಲಿ ಓಡಾಟದ್ದು ಪೂರ್ತಿ ನಿಮ್ಮ ಕೊಡುಗೆ, ತೂಕದ್ದರಲ್ಲಿ ಬ್ರೆಡ್ಡಿನ ಪಾಲೂ ಇದೆ.

ಇನ್ನೊಂದು ವಿಷಯ ನಿಮ್ಮ ಗುಂಪಿನಲ್ಲಿ ಹಾಕಿಕೊಳ್ಳಿ. 1990ರಲ್ಲಿ ಪ್ರಕಟವಾದದ್ದು. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನ ಹತ್ತು ಮಂದಿಯಿಂದ ಎಂಟು ವಾರ ಕಾಲಲ್ಲಿ ಭಾರ ಎತ್ತಿಸಿದರು. ಪೂರ್ತಿ ಮಾಡಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಅವರ ಮಕ್ಕಳು ಪಾಪ, ಆಗ ಊರಲ್ಲಿರಲಿಲ್ಲವೇನೋ.

ವೈದ್ಯರು ನನಗೂ ಪಾಠ ಕೊಟ್ಟಿದ್ದಾರೆ. ದಿನಕ್ಕೆ ಹತ್ತು ಸಲ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ನೀವು ಆಫೀಸಿಗೆ ಹೋದ ಮೇಲೆ ಕಳ್ಳತನದಲ್ಲಿ ಮಾಡುತ್ತೇನೆ. ಕೆಲಸದಾಕೆ ಬಾಗಿಲಲ್ಲಿ ನಿಂತು ಎಣಿಸುತ್ತಾಳೆ. ಹುರುಳಿಕಾಳಿನ ಬಸ್ಸಾರೂ ಅವಳದೇ ಡಬ್ಬಿಯಿಂದ ಬರುತ್ತದೆ. ಮೊನ್ನೆ 15 ಸೆಕೆಂಡಿಗೆ ಇಳಿದಿದ್ದೇನೆ, ಅವಳ ಮೊಬೈಲಿನಲ್ಲಿ ಅದು ಅಳಿಯದೆ ಇದೆ.

ಕೊನೆಗೆ ಒಂದು ಬಿನ್ನಹ. ಬಚ್ಚಲಲ್ಲಿ ಹಿಡಿದುಕೊಳ್ಳುವುದಕ್ಕೆ ಗಟ್ಟಿ ಕಂಬಿ ಹಾಕಿಸಿ ಅಂದಾಗ, “ಆಸ್ಪತ್ರೆ ಥರ ಕಾಣುತ್ತೆ ಅಮ್ಮಾ” ಅಂದಿರಿ. ಅಂದಿನಿಂದ ಟವೆಲ್ ಒಣಗಿಸುವ ಕಂಬಿಯನ್ನೇ ಹಿಡಿದು ಏಳುತ್ತಿದ್ದೇನೆ. ಅದು ನಿಂತಿರುವುದು ಎರಡು ಸ್ಕ್ರೂಗಳ ಮೇಲೆ, ಈಗ ಒಂದು ಬೆರಳಿನಷ್ಟು ಗೋಡೆ ಬಿಟ್ಟು ಈಚೆಗೆ ಬಂದಿದೆ. ಭಾನುವಾರದೊಳಗೆ ಪ್ಲಂಬರನ್ನು ಕರೆಸಿ. ಇದನ್ನು ಓದುತ್ತಿರುವ ಬೇರೆ ಮನೆಗಳ ಮಕ್ಕಳೇ, ನೀವೂ ಪತ್ರಿಕೆ ಪಕ್ಕಕ್ಕಿಟ್ಟು, ನಿಮ್ಮ ಬಚ್ಚಲಿನ ಟವೆಲ್ ಕಂಬಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ ಬನ್ನಿ.

ಇಂತಿ,
ಸದ್ಯಕ್ಕೆ ಕೂತೇ ಇರುವ
ನಿಮ್ಮ ಅಮ್ಮ